ಗುಪ್ತಪದ ಸಂಗ್ರಹಣೆ

ಗುಪ್ತಪದ ಸಂಗ್ರಹಣೆ ಎಂದರೆ ಜಾಲತಾಣವೊಂದು ತನ್ನ ಬಳಕೆದಾರರ ಪಾಸ್‌ವರ್ಡ್‌ಗಳನ್ನು ದತ್ತಸಂಚಯದಲ್ಲಿ (ಡೇಟಾಬೇಸ್) ಕಾಪಿಡುವ ವಿಧಾನ. ದತ್ತಸಂಚಯವು ಎಂದಾದರೊಮ್ಮೆ ಕಳ್ಳರ ಕೈಸೇರಬಹುದೆಂದು ಭಾವಿಸಿಯೇ ಇದನ್ನು ರೂಪಿಸಲಾಗುತ್ತದೆ. ಆದ್ದರಿಂದ ಸುರಕ್ಷಿತ ಜಾಲತಾಣದಲ್ಲಿ ಗುಪ್ತಪದವನ್ನೇ ಇಡುವುದಿಲ್ಲ. ಅದನ್ನು ಪರಿಶೀಲಿಸಲು ಸಾಕಾಗುವ ಗುರುತನ್ನು ಮಾತ್ರ ಇಡಲಾಗುತ್ತದೆ.

ಕಾರ್ಯವಿಧಾನ

ನೋಂದಣಿಯ ಸಮಯದಲ್ಲಿ ಗುಪ್ತಪದವನ್ನು ಹ್ಯಾಶ್ ಎಂಬ ಗಣಿತೀಯ ಕ್ರಿಯೆಗೆ ಒಳಪಡಿಸಿ, ಅದರ ಫಲಿತಾಂಶವನ್ನಷ್ಟೇ ಉಳಿಸಲಾಗುತ್ತದೆ. ಬಳಕೆದಾರರು ಮತ್ತೆ ಪ್ರವೇಶಿಸುವಾಗ ನೀಡಿದ ಪದಕ್ಕೂ ಅದೇ ಕ್ರಿಯೆಯನ್ನು ನಡೆಸಿ, ಎರಡು ಫಲಿತಾಂಶಗಳನ್ನು ಹೋಲಿಸಲಾಗುತ್ತದೆ. ಗೂಢಲಿಪಿಯನ್ನು ಕೀಲಿಯಿಂದ ಬಿಡಿಸಬಹುದು. ಹ್ಯಾಶ್‌ಗೆ ಅಂತಹ ಕೀಲಿ ಇಲ್ಲ. ಕಳ್ಳರಿಗೆ ಉಳಿಯುವ ದಾರಿ ಒಂದೊಂದೇ ಪದವನ್ನು ಊಹಿಸಿ ಹೊಂದಿಸಿ ನೋಡುವುದು.

ಸಾಲ್ಟ್

ಒಂದೇ ಗುಪ್ತಪದವನ್ನು ಆಯ್ದುಕೊಂಡ ಇಬ್ಬರ ಹ್ಯಾಶ್ ಕೂಡ ಒಂದೇ ಆಗಿರುತ್ತದೆ. ಹೀಗಾಗಿ ಸಾಮಾನ್ಯ ಪದಗಳ ಹ್ಯಾಶ್ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಲು ಸಾಧ್ಯ. ಇದನ್ನು ತಡೆಯಲು ಪ್ರತಿ ಖಾತೆಯ ಗುಪ್ತಪದಕ್ಕೂ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳನ್ನು ಬೆರೆಸಿ ಹ್ಯಾಶ್ ಮಾಡಲಾಗುತ್ತದೆ. ಈ ಅಕ್ಷರಗಳಿಗೆ ‘ಸಾಲ್ಟ್’ ಎಂದು ಹೆಸರು. ಯುನಿಕ್ಸ್‌ನಲ್ಲಿನ ಇದರ ಬಳಕೆಯನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ವಿವರಿಸಿದರು.

ನಿಧಾನಗತಿಯ ಹ್ಯಾಶ್

ಎಂಡಿ5, ಎಸ್‌ಎಚ್‌ಎ-1 ಮುಂತಾದವು ವೇಗಕ್ಕಾಗಿ ರಚಿತವಾದ ಹ್ಯಾಶ್‌ಗಳು. ಆಧುನಿಕ ಗ್ರಾಫಿಕ್ಸ್ ಕಾರ್ಡ್ ಇಂತಹ ಹ್ಯಾಶ್‌ಗಳನ್ನು ಸೆಕೆಂಡಿಗೆ ನೂರಾರು ಕೋಟಿ ಸಂಖ್ಯೆಯಲ್ಲಿ ಲೆಕ್ಕ ಹಾಕಬಲ್ಲುದು. 1999ರಲ್ಲಿ ಪ್ರಕಟವಾದ ಬಿಕ್ರಿಪ್ಟ್ ಮತ್ತು 2015ರಲ್ಲಿ ಗುಪ್ತಪದ ಹ್ಯಾಶಿಂಗ್ ಸ್ಪರ್ಧೆಯನ್ನು ಗೆದ್ದ ಆರ್ಗಾನ್2 ಉದ್ದೇಶಪೂರ್ವಕವಾಗಿಯೇ ನಿಧಾನವಾಗಿವೆ. ಆರ್ಗಾನ್2 ಹೆಚ್ಚಿನ ಸ್ಮೃತಿಯನ್ನೂ (ಮೆಮೊರಿ) ಬೇಡುತ್ತದೆ. ಒಮ್ಮೆ ಪ್ರವೇಶಿಸುವ ಬಳಕೆದಾರರಿಗೆ ಈ ವಿಳಂಬ ಅರಿವಿಗೆ ಬಾರದು. ಕೋಟಿಗಟ್ಟಲೆ ಊಹೆ ನಡೆಸುವವರಿಗೆ ಅದೇ ದೊಡ್ಡ ತಡೆ.

ಬೆಂಗಳೂರಿನ ಪ್ರಕರಣ

ಬೆಂಗಳೂರು ಮೂಲದ ದಿನಸಿ ಮಾರಾಟ ಸಂಸ್ಥೆ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ದತ್ತಾಂಶ 2020ರ ಅಕ್ಟೋಬರ್‌ನಲ್ಲಿ ಸೋರಿಕೆಯಾಯಿತು. 2021ರ ಏಪ್ರಿಲ್‌ನಲ್ಲಿ ಅದು ಅಂತರಜಾಲದಲ್ಲಿ ಬಹಿರಂಗಗೊಂಡಿತು. ಅದರಲ್ಲಿದ್ದ ಗುಪ್ತಪದಗಳು ಎಸ್‌ಎಚ್‌ಎ-1 ಹ್ಯಾಶ್ ರೂಪದಲ್ಲಿದ್ದವು. ಅವು ನೇರವಾಗಿ ಓದಲು ಸಿಗದಿದ್ದರೂ, ಹ್ಯಾಶ್ ವೇಗದ್ದಾಗಿದ್ದುದರಿಂದ ಸರಳ ಗುಪ್ತಪದಗಳನ್ನು ಊಹಿಸುವುದು ಸುಲಭವಾಗಿತ್ತು. ಅದೇ ಗುಪ್ತಪದವನ್ನು ಇಮೇಲ್‌ಗೂ ಬಳಸಿದವರಿಗೆ ಅಪಾಯ ಒಂದು ತಾಣಕ್ಕೆ ಸೀಮಿತವಾಗಿರುವುದಿಲ್ಲ.

ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಭಾರತ ಸರ್ಕಾರ 2011ರಲ್ಲಿ ಹೊರಡಿಸಿದ ನಿಯಮಗಳು ಗುಪ್ತಪದವನ್ನು ಸೂಕ್ಷ್ಮ ವೈಯಕ್ತಿಕ ದತ್ತಾಂಶಗಳ ಸಾಲಿನಲ್ಲಿ ಸೇರಿಸಿವೆ. ದತ್ತಾಂಶ ಸೋರಿಕೆಯಾದರೆ, ಅದು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಿಇಆರ್‌ಟಿ-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ನಿರ್ದೇಶನ ವಿಧಿಸುತ್ತದೆ.

ಗುರುತಿಸುವ ಬಗೆ

ಗುಪ್ತಪದ ಮರೆತಾಗ ಹಳೆಯದನ್ನೇ ಇಮೇಲ್ ಮೂಲಕ ಕಳುಹಿಸುವ ಜಾಲತಾಣವು ಅದನ್ನು ಓದಬಹುದಾದ ಅಥವಾ ಮರಳಿ ಪಡೆಯಬಹುದಾದ ರೂಪದಲ್ಲಿ ಇರಿಸಿಕೊಂಡಿದೆ ಎಂದರ್ಥ. ಸುರಕ್ಷಿತ ತಾಣ ಹೊಸ ಗುಪ್ತಪದವನ್ನು ಹೊಂದಿಸಲು ಅವಕಾಶ ನೀಡಬಲ್ಲುದೇ ಹೊರತು ಹಳೆಯದನ್ನು ತಿಳಿಸಲಾರದು.