ರಮೇಶ್ ಹೋದರು, ಠಾಕೂರ್ ಬಂದರು: ರಾಂಜಣಗಾಂವದ ಕನ್ನಡಿಗರ ಪಲ್ಟನ್ ಅಭಿಮಾನ ಕುಂದಿಲ್ಲ

ರಾಂಜಣಗಾಂವ: ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ದೂರದಲ್ಲಿರುವ ರಾಂಜಣಗಾಂವ, ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿಯ ಊರು. ಎಂಐಡಿಸಿ ಬಂದ ಮೇಲೆ ಇದು ಕಾರ್ಖಾನೆಗಳ ಊರೂ ಆಯಿತು. ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದ ಕನ್ನಡಿಗರಲ್ಲಿ ಕೆಲವರು ಯಂತ್ರದ ಮುಂದೆ ನಿಂತಿದ್ದಾರೆ, ಕೆಲವರು ಹೋಟೆಲ್ ಗಲ್ಲಾದಲ್ಲಿ ಕುಳಿತಿದ್ದಾರೆ. ಪಾಳಿ ಮುಗಿಸಿ ಬಾಡಿಗೆ ಖೋಲಿಗೆ ಮರಳಿದಾಗ ಇವರನ್ನೆಲ್ಲ ಒಟ್ಟುಗೂಡಿಸುವ ಆಟವೊಂದಿದ್ದರೆ ಅದು ಕಬಡ್ಡಿ. ಮಣ್ಣಿನ ಅಂಕಣದಲ್ಲಿ ಮೊಣಕಾಲು ತರಚಿಕೊಂಡು ಬೆಳೆದವರಿಗೆ ಈ ಆಟವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಆದರೆ ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಒಂದು ಪೇಚು. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭವಾದಾಗ ಜನ್ಮಭೂಮಿಗೆ ಬೆಂಗಳೂರು ಬುಲ್ಸ್ ಬಂತು, ಕರ್ಮಭೂಮಿಗೆ ಪುಣೇರಿ ಪಲ್ಟನ್ ಬಂತು. ಯಾರ ಪರ ಕೂಗುವುದು? ಅಪ್ಪ ಬುಲ್ಸ್ ಎಂದರೆ, ಇಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋಗುವ ಮಗ ಪಲ್ಟನ್ ಎನ್ನುತ್ತಾನೆ. ಒಂದೇ ಟಿವಿ ಮುಂದೆ ಎರಡು ಪಕ್ಷ!

ಈ ಪೇಚನ್ನು ಸ್ವಲ್ಪ ಕಾಲವಾದರೂ ಬಿಡಿಸಿದವರು ಕನ್ನಡಿಗರೇ ಆದ ಬಿ.ಸಿ. ರಮೇಶ್. 2001ರ ಅರ್ಜುನ ಪ್ರಶಸ್ತಿ ಪಡೆದ ಅವರು 2002ರ ಬೂಸಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಆಡಿದವರು. 2019ರ ಜನವರಿಯಲ್ಲಿ ಬುಲ್ಸ್ ಕಪ್ ಎತ್ತಿದಾಗ ಆ ತಂಡದ ತರಬೇತಿ ಬಳಗದಲ್ಲಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆದ್ದುಕೊಟ್ಟರು. 2022ರಲ್ಲಿ ಅವರು ಪಲ್ಟನ್ ತರಬೇತುದಾರರಾದಾಗ ಇಲ್ಲಿನ ಕನ್ನಡಿಗರಿಗೆ ‘ನಮ್ಮವರು ಬಂದರು’ ಎಂಬ ಹುಮ್ಮಸ್ಸು ಸಹಜವಾಗಿಯೇ ಮೂಡಿತು.

ಅಲ್ಲಿಯವರೆಗೆ ಪಲ್ಟನ್ ಅಭಿಮಾನಿಗಳು ಉಂಡದ್ದು ಹೆಚ್ಚಾಗಿ ನಿರಾಸೆಯನ್ನೇ. ಮೊದಲೆರಡು ಆವೃತ್ತಿಗಳಲ್ಲಿ ತಂಡ ಕೊನೆಯ ಸ್ಥಾನದಲ್ಲಿತ್ತು. 2016ರಲ್ಲಿ ಮೂರನೇ ಸ್ಥಾನದವರೆಗೆ ಏರಿತಾದರೂ ಫೈನಲ್ ಕಂಡಿರಲಿಲ್ಲ. ಅನೂಪ್ ಕುಮಾರ್ ಅವರಂಥ ದೊಡ್ಡ ಆಟಗಾರರು ತರಬೇತುದಾರರಾಗಿ ಬಂದಾಗಲೂ ಕಪ್ ದೂರವೇ ಉಳಿಯಿತು.

ರಮೇಶ್ ಬಂದ ಮೊದಲ ವರ್ಷವೇ ತಂಡ ಫೈನಲ್ ತಲುಪಿತು. 2022ರ ಡಿಸೆಂಬರ್ 17ರಂದು ಮುಂಬಯಿಯಲ್ಲಿ ನಡೆದ ಆ ಪಂದ್ಯದಲ್ಲಿ ಜೈಪುರ ಪಿಂಕ್ ಪ್ಯಾಂಥರ್ಸ್ 33-29ರಿಂದ ಗೆದ್ದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ಆ ಸೋಲಿನ ನಂತರ ತಂಡ ಹುಡುಗರನ್ನು ಕೈಬಿಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮರುವರ್ಷ ನಾಯಕತ್ವ ದೊರೆತದ್ದು ಯುವ ಆಟಗಾರ ಅಸ್ಲಂ ಇನಾಮದಾರ್‌ಗೆ. ಅವರು ನಮ್ಮ ಇದೇ ಹೆದ್ದಾರಿ ತಲುಪುವ ಅಹಮದ್‌ನಗರ, ಅಂದರೆ ಈಗಿನ ಅಹಿಲ್ಯಾನಗರ ಜಿಲ್ಲೆಯವರು. 2.35 ಕೋಟಿ ರೂಪಾಯಿ ಕೊಟ್ಟು ತಂದ ಇರಾನಿನ ಶಾದ್‌ಲೂಯಿ ರಕ್ಷಣೆಗೆ ನಿಂತರು. ಫಲ ಎಲ್ಲರಿಗೂ ಗೊತ್ತಿರುವುದೇ: 22 ಲೀಗ್ ಪಂದ್ಯಗಳಲ್ಲಿ ಸೋತದ್ದು ಎರಡು ಮಾತ್ರ. 2024ರ ಮಾರ್ಚ್ 1ರಂದು ಹೈದರಾಬಾದ್‌ನಲ್ಲಿ ಪಂಕಜ್ ಮೋಹಿತೆ ಒಂದೇ ರೈಡ್‌ನಲ್ಲಿ ನಾಲ್ಕು ಅಂಕ ತಂದರು. ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರ ಜಯದೊಂದಿಗೆ ಪುಣೆಗೆ ಮೊದಲ ಕಪ್ ಬಂತು. ಅಂದು ಅಪ್ಪ-ಮಗ ಇಬ್ಬರೂ ಒಂದೇ ಪಕ್ಷ. ತಂಡ ಪುಣೆಯದು, ಗುರು ಕನ್ನಡ ನಾಡಿನವರು.

ಸುಖದ ದಿನಗಳು ಬಹಳ ಕಾಲ ಬಾಳಲಿಲ್ಲ. 2024ರ ಕೊನೆಗೆ ನಡೆದ ಹನ್ನೊಂದನೇ ಆವೃತ್ತಿಯಲ್ಲಿ ಅಸ್ಲಂ ಗಾಯಗೊಂಡು ಹೊರಗುಳಿದರು, ತಂಡ ಪ್ಲೇ-ಆಫ್ ಕೂಡ ತಲುಪಲಿಲ್ಲ. ಆ ಸಲದ ಫೈನಲ್ ನಡೆದದ್ದು ನಮ್ಮದೇ ಬಾಲೇವಾಡಿಯಲ್ಲಿ. ಆದರೆ ಆಡಿದ್ದು ಹರಿಯಾಣ ಮತ್ತು ಪಾಟ್ನಾ. ಮನೆಯಂಗಳದ ಮದುವೆಗೆ ಮನೆಯವರೇ ಅತಿಥಿಗಳಾದಂತಾಯಿತು. ನಂತರ ರಮೇಶ್ ಬೆಂಗಳೂರು ಬುಲ್ಸ್‌ಗೆ ಮರಳಿದರು. ಪಲ್ಟನ್ ಚುಕ್ಕಾಣಿ ಅಜಯ್ ಠಾಕೂರ್ ಕೈಗೆ ಬಂತು.

ಹಿಮಾಚಲ ಪ್ರದೇಶದ ಠಾಕೂರ್ ಹೆಸರು ಕಬಡ್ಡಿ ಬಲ್ಲವರಿಗೆ ಹೊಸದಲ್ಲ. 2016ರ ವಿಶ್ವಕಪ್ ಫೈನಲ್‌ನಲ್ಲಿ ಹಿಂದೆ ಬಿದ್ದಿದ್ದ ಭಾರತವನ್ನು 12 ಅಂಕಗಳ ಆಟದಿಂದ ಮೇಲೆತ್ತಿ ಇರಾನ್ ವಿರುದ್ಧ 38-29ರಿಂದ ಗೆಲ್ಲಿಸಿದವರು ಅವರು. 1990ರಿಂದ ಸತತ ಏಳು ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಭಾರತ 2018ರಲ್ಲಿ ಮೊದಲ ಬಾರಿ ಚಿನ್ನ ಕಳೆದುಕೊಂಡಾಗ ನಾಯಕರಾಗಿದ್ದವರೂ ಅವರೇ. ಗೆಲುವಿನ ಶಿಖರ, ಸೋಲಿನ ಕಹಿ ಎರಡನ್ನೂ ಕಂಡವರು. 2019ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಗುರು-ಶಿಷ್ಯರ ಪರೀಕ್ಷೆ ಮೊದಲ ದಿನವೇ ಬಂತು. 2025ರ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಹನ್ನೆರಡನೇ ಆವೃತ್ತಿ ಆರಂಭವಾದಾಗ ಪಲ್ಟನ್ ಎದುರಿಗೆ ನಿಂತದ್ದು ರಮೇಶ್ ಅವರ ಬುಲ್ಸ್! ಪಂದ್ಯ 32-32ರಲ್ಲಿ ಸಮವಾಯಿತು. ಆ ವರ್ಷದಿಂದ ಲೀಗ್ ಪಂದ್ಯಗಳಿಗೂ ತಂದ ಟೈ-ಬ್ರೇಕರ್‌ನಲ್ಲಿ ಪಲ್ಟನ್ ಗೆದ್ದಿತು. ರಮೇಶ್ ತಿದ್ದಿ ಬೆಳೆಸಿದ ಹುಡುಗರೇ ರಮೇಶ್ ತಂಡವನ್ನು ಸೋಲಿಸಿದರು. ಕನ್ನಡಿಗ ಅಭಿಮಾನಿಗೆ ಅಂದು ನಗಬೇಕೋ ಅಳಬೇಕೋ ತಿಳಿಯದ ಸ್ಥಿತಿ. ಆದರೆ ಶಿಷ್ಯನಿಂದ ಸೋಲುವುದು ಗುರುವಿಗೆ ಅವಮಾನವಲ್ಲ ಎಂಬ ಮಾತು ನಮ್ಮಲ್ಲಿ ಹಳೆಯದೇ.

ಪಲ್ಟನ್ ಆ ಸಲ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದು ಫೈನಲ್ ತಲುಪಿತು. ಅಕ್ಟೋಬರ್ 31ರಂದು ದೆಹಲಿಯಲ್ಲಿ ದಬಾಂಗ್ ಡೆಲ್ಲಿ 31-28ರಿಂದ ಗೆದ್ದು ಕಪ್ ಒಯ್ದಿತು. ಕಾರ್ಖಾನೆಯ ಎರಡನೇ ಪಾಳಿಯಲ್ಲಿದ್ದವರಿಗೆ ಮೂರೇ ಅಂಕಗಳ ಆ ಸೋಲಿನ ಸುದ್ದಿ ಮುಟ್ಟಿದ್ದು ಮೊಬೈಲ್ ಮೂಲಕ.

ಹಾಗಿದ್ದರೂ ಭರವಸೆ ಏಕೆ? ಲೆಕ್ಕ ಸರಳ. ರಮೇಶ್ ಕೂಡ ಮೊದಲ ವರ್ಷ ಫೈನಲ್‌ನಲ್ಲಿ ಸೋತು ಮುಂದಿನ ವರ್ಷ ಗೆದ್ದವರು. ಠಾಕೂರ್ ಮೊದಲ ವರ್ಷ ಅದೇ ಮೆಟ್ಟಿಲು ಹತ್ತಿದರು. ಹಿಂದೆ ಆದದ್ದು ಮುಂದೆಯೂ ಆಗಲೇಬೇಕೆಂಬ ನಿಯಮವಿಲ್ಲ, ಆಟಗಾರರ ಹರಾಜು ಒಂದೇ ದಿನದಲ್ಲಿ ತಂಡದ ರೂಪ ಬದಲಿಸಬಲ್ಲದು ನಿಜ. ಆದರೆ ತರಬೇತುದಾರ ಬದಲಾದರೂ ತಂಡ ಕುಸಿಯಲಿಲ್ಲ ಎಂಬುದೇ ದೊಡ್ಡ ಸಮಾಧಾನ. ಒಬ್ಬರು ಹಾಕಿದ ಅಡಿಪಾಯದ ಮೇಲೆ ಇನ್ನೊಬ್ಬರು ಗೋಡೆ ಎಬ್ಬಿಸಿದರು. ಗುರುವಿನ ನಿಜವಾದ ಕೊಡುಗೆ ಆತ ಹೋದ ಮೇಲೆ ತಿಳಿಯುತ್ತದೆ ಎನ್ನುವುದು ಇದಕ್ಕೇ.

ಇದರಲ್ಲಿ ಹೊರನಾಡ ಕನ್ನಡಿಗರಿಗೂ ಒಂದು ಕಿವಿಮಾತಿದೆ. ರಮೇಶ್ ಇದ್ದರೆಂದು ಪಲ್ಟನ್ ಕಡೆ ತಿರುಗಿದವರು ಅವರು ಹೋದ ಮೇಲೂ ತಂಡವನ್ನು ಬಿಡಲಿಲ್ಲ. ‘ನಮ್ಮವರು’ ಎಂಬ ಮಾತಿನಿಂದ ಆರಂಭವಾದ ನಂಟು ‘ನಮ್ಮ ಊರು’ ಎಂಬಲ್ಲಿಗೆ ಬಂದು ನಿಂತಿತು. ಊರಿನ ಪ್ರೀತಿಯೂ ಉಳಿಯಿತು, ಅನ್ನ ಕೊಟ್ಟ ನೆಲದ ಪ್ರೀತಿಯೂ ಬೆಳೆಯಿತು. ಬುಲ್ಸ್ ಮತ್ತು ಪಲ್ಟನ್ ಫೈನಲ್‌ನಲ್ಲಿ ಎದುರಾಗುವ ದಿನವೊಂದು ಬಂದರೆ ಅಪ್ಪ-ಮಗ ಮತ್ತೆ ಜಗಳವಾಡಲಿ. ಕಪ್ ಯಾರ ಕೈಗೆ ಹೋದರೂ ಆ ಮನೆಯಲ್ಲಿ ಮಹಾಗಣಪತಿಗೆ ಒಂದು ಕಾಯಿ ಒಡೆಯುವುದು ಖಚಿತ.