ತೋಟದ ಪಂಪು ಫೋನ್ ಮಾಡಿದಾಗ

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಸಾಮಾನ್ಯವಾಗಿ ಮನೆ ಮೇಲೆ, ಪಂಪು ಕೆಳಗೆ. ತೋಡಿನ ಬದಿಯಲ್ಲೋ ಕೆರೆಯ ದಂಡೆಯಲ್ಲೋ ಪಂಪ್‌ಶೆಡ್ಡು. ಅಲ್ಲಿಂದ ಗುಡ್ಡೆ ಹತ್ತಿದರೆ ಅಂಗಳ. ಮಳೆಗಾಲದಲ್ಲಿ ಬಸಿಗಾಲುವೆ ಬಿಡಿಸಿ ನೀರು ಹೊರಗೆ ಕಳಿಸಬೇಕಾದ ಇದೇ ನೆಲಕ್ಕೆ ಡಿಸೆಂಬರಿನಿಂದ ಮೇ ತನಕ ಸ್ಪ್ರಿಂಕ್ಲರ್ ತಿರುಗಲೇಬೇಕು. ತ್ರೀ ಫೇಸ್ ಕರೆಂಟು ಬರುವುದು ಪಾಳಿಯಲ್ಲಿ, ಎಷ್ಟೋ ಸಲ ರಾತ್ರಿ. ಅದು ಬಂತೋ, ಬಂದರೂ ಮೂರೂ ಫೇಸ್ ಇದೆಯೋ, ನಡುವೆ ಹೋಯಿತೋ ಎಂದು ತಿಳಿಯಲು ಟಾರ್ಚು ಹಿಡಿದು ಕೆಳಗಿಳಿಯಬೇಕು. ಮಕ್ಕಳು ಬೆಂಗಳೂರಿನಲ್ಲಿದ್ದು ಎಪ್ಪತ್ತು ದಾಟಿದ ಇಬ್ಬರೇ ಮನೆಯಲ್ಲಿರುವಾಗ ಈ ಇಳಿಜಾರು ಸಣ್ಣ ವಿಷಯವಲ್ಲ.

ಫೋನಿನಿಂದ ಪಂಪು ನಡೆಸುವ ಮೊಬೈಲ್ ಸ್ಟಾರ್ಟರ್ ಈಗ ಹೊಸತೇನಲ್ಲ. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ ‘ನ್ಯಾನೊ ಗಣೇಶ್’ 2009ರಲ್ಲೇ ನೋಕಿಯಾ ಕಂಪನಿಯ ಆವಿಷ್ಕಾರ ಪ್ರಶಸ್ತಿ ಪಡೆದಿತ್ತು. ನಾವು ಪಂಪಿಗೆ ಫೋನ್ ಮಾಡಿದರೆ ಅದು ಚಾಲೂ ಆಗುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ದಿಕ್ಕಿನ ಕರೆ: ಪಂಪು ನಮಗೆ ಫೋನ್ ಮಾಡುವುದು. ಕರೆಂಟು ಬಂದ ಕೂಡಲೇ ಮೋಟರನ್ನು ತಾನಾಗಿ ಎಬ್ಬಿಸುವ ಆಟೊ ಸ್ಟಾರ್ಟರ್ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಯಾವ ಗೇಟ್‌ವಾಲ್ ತೆರೆದಿದೆ, ಕೆರೆಯಲ್ಲಿ ನೀರೆಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಒಂದು ಫೇಸ್ ತಪ್ಪಿದಾಗ ಓಡುತ್ತಿರುವ ಮೋಟರ್ ಉಳಿದೆರಡರಿಂದ ಹೆಚ್ಚು ಕರೆಂಟು ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಒಳ್ಳೆಯ ಸ್ಟಾರ್ಟರ್ ಮೋಟರನ್ನು ನಿಲ್ಲಿಸೀತು, ಆದರೆ ನಿಂತಿದೆ ಎಂದು ಮನೆಯವರಿಗೆ ಹೇಳಬೇಕಲ್ಲ?

ಹೇಳುವ ಕೆಲಸಕ್ಕೆ ಬೇಕಾದವು ಎರಡು ಭಾಗಗಳು. ಒಂದು ಮೈಕ್ರೊಕಂಟ್ರೋಲರ್. ಆರ್ಡುಯಿನೊ ಊನೊ ಹಲಗೆಯ ಮೇಲಿರುವ ಚಿಪ್ಪನ್ನೇ ತೆಗೆದುಕೊಳ್ಳಿ. ಪ್ರೋಗ್ರಾಮಿಗೆ 32 ಕಿಲೊಬೈಟ್ ಜಾಗ, ಕೆಲಸದ ನೆನಪಿಗೆ ಬರೀ 2 ಕಿಲೊಬೈಟ್. ಈ ಲೇಖನದ ಎರಡು ಪ್ಯಾರಾ ಕೂಡ ಆ ನೆನಪಿನಲ್ಲಿ ಹಿಡಿಯಲಾರದು. ಇನ್ನೊಂದು ಸೆಲ್ಯುಲರ್ ಮೋಡೆಮ್, ಅಂದರೆ ಪರದೆ, ಕೀಲಿಮಣೆ ಎರಡೂ ಇಲ್ಲದ ಫೋನು; ಹೆಚ್ಚಾಗಿ ಬಳಕೆಯಲ್ಲಿರುವುದು ಸಿಮ್800 ಎಂಬ ಅಂಚೆಚೀಟಿ ಗಾತ್ರದ ಬಿಲ್ಲೆ. ಅದಕ್ಕೊಂದು ಸಿಮ್ ಕಾರ್ಡ್, ಒಂದು ಆಂಟೆನಾ. ಎರಡರ ನಡುವೆ ಹೇಳಲು ಒಂದು ತಂತಿ, ಕೇಳಲು ಒಂದು ತಂತಿ.

ಅವು ಆಡುವ ಭಾಷೆ ಮೊಬೈಲಿಗಿಂತ ಹಳೆಯದು. 1981ರಲ್ಲಿ ಅಮೆರಿಕದ ಡೆನಿಸ್ ಹೇಯ್ಸ್ ಅವರ ಕಂಪನಿ ತಂತಿ ಫೋನಿಗಾಗಿ ತಂದ ಸ್ಮಾರ್ಟ್‌ಮೋಡೆಮ್‌ನ ಆಜ್ಞೆಗಳೇ ಇವತ್ತಿಗೂ ಬುನಾದಿ. ಹೆಚ್ಚುಕಡಿಮೆ ಪ್ರತಿ ಆಜ್ಞೆಯೂ ‘ಎಟಿ’ ಎಂಬ ಎರಡು ಅಕ್ಷರದಿಂದ ಶುರು. ‘ಇತ್ತ ಗಮನಿಸು’ ಎಂಬ ಇಂಗ್ಲಿಷ್ ಪದದ ಮೊದಲೆರಡು ಅಕ್ಷರ ಅವು. ಬರೀ ‘ಎಟಿ’ ಎಂದರೆ ಮೋಡೆಮ್ ‘ಓಕೆ’ ಎನ್ನುತ್ತದೆ. ‘ಎಟಿಡಿ’, ಹಿಂದೆಯೇ ಹತ್ತು ಅಂಕಿ, ಕೊನೆಗೊಂದು ಅರ್ಧವಿರಾಮ ಚಿಹ್ನೆ: ಕರೆ ಹೊರಟಿತು. ‘ಎಟಿಎಚ್’: ಕರೆ ಕಡಿಯಿತು. ಆ ಅರ್ಧವಿರಾಮವನ್ನು ಬಿಟ್ಟರೆ ಮೋಡೆಮ್ ಇದನ್ನು ಮಾತಿನ ಕರೆಯೆಂದು ತಿಳಿಯದೆ ದತ್ತಾಂಶ ಸಾಗಿಸುವ ಕರೆಯೆಂದು ಭಾವಿಸುತ್ತದೆ, ಆಚೆ ಮನೆಯ ಫೋನು ರಿಂಗಾಗುವುದೇ ಇಲ್ಲ.

ಫೋನ್ ಮಾಡಿಸಲು ಇಷ್ಟೇ ಸಾಕು, ಒಂದೇ ಸಾಲು. ಪ್ರೋಗ್ರಾಮಿನ ಉಳಿದ ಸಾಲುಗಳೆಲ್ಲ ಫೋನ್ ಆಗದಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಮೀಸಲು. ಸುಳ್ಯದ ಕಣಿವೆಯೊಂದರ ತಳದಲ್ಲಿ ಕುಳಿತ ಯಂತ್ರಕ್ಕೆ ಈ ಉಳಿದ ಸಾಲುಗಳೇ ಜೀವಾಳ. ಕಲಿಯುವವರು ಮೊದಲ ಕರೆ ಹೋದ ಸಂತೋಷದಲ್ಲಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ ಎಂಬುದು ನನ್ನ ಆತಂಕ.

ಮೋಡೆಮ್‌ಗೆ ಜೀವ ಬಂದೊಡನೆ ಟವರ್ ಸಿಗುವುದಿಲ್ಲ, ಹುಡುಕಬೇಕು. ಸಿಕ್ಕಿತೇ ಎಂದು ‘ಸಿಆರ್‌ಇಜಿ’ ಎಂಬ ಪ್ರಶ್ನೆ ಕೇಳುತ್ತಲೇ ಇರಬೇಕು. ಉತ್ತರದ ಎರಡನೆಯ ಅಂಕಿ 2 ಆದರೆ ಇನ್ನೂ ಹುಡುಕುತ್ತಿದೆ, 1 ಆದರೆ ಸಿಕ್ಕಿದೆ, 5 ಆದರೆ ರೋಮಿಂಗಿನಲ್ಲಿ ಸಿಕ್ಕಿದೆ. ಕಾಸರಗೋಡಿನ ಗಡಿಗೆ ತಾಗಿದ ತೋಟಗಳಲ್ಲಿ ಕೇರಳದ ಟವರೇ ಹತ್ತಿರವಾಗಬಹುದು. 1ಕ್ಕಷ್ಟೇ ಕಾಯುವ ಪ್ರೋಗ್ರಾಮ್ ಅಲ್ಲಿ ಕೊನೆಯಿಲ್ಲದೆ ಕಾಯುತ್ತದೆ. ಆಮೇಲೆ ರೇಂಜು. ‘ಸಿಎಸ್‌ಕ್ಯು’ ಎಂದು ಕೇಳಿದರೆ 0ಯಿಂದ 31ರವರೆಗಿನ ಅಂಕಿ ಬರುತ್ತದೆ. 31 ಅಂದರೆ ಟವರ್ ಎದುರಿಗೇ ಇದ್ದಂತೆ, 10ಕ್ಕಿಂತ ಕೆಳಗಾದರೆ ದುರ್ಬಲ, 99 ಅಂದರೆ ಅಳತೆಗೇ ಸಿಗುತ್ತಿಲ್ಲ. ಈ ಅಂಕಿಯನ್ನು ನೋಡುತ್ತಲೇ ಆಂಟೆನಾವನ್ನು ಕೇಬಲಿನ ಮೂಲಕ ಶೆಡ್ಡಿನ ಮಾಡಿನ ಮೇಲಕ್ಕೋ ಕಂಬಕ್ಕೋ ಏರಿಸಿ ಜಾಗ ಗೊತ್ತುಮಾಡಬೇಕು. ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಆಂಟೆನಾ ಇಟ್ಟರೆ ಸಿಗ್ನಲಿನ ಬಹುಪಾಲು ಅಲ್ಲೇ ಮುಗಿಯುತ್ತದೆ.

ಕರೆ ಹೊರಟ ಮೇಲೂ ಕೆಲಸವಿದೆ. ‘ಸಿಎಲ್‌ಸಿಸಿ’ ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಸ್ಥಿತಿಯ ಅಂಕಿ 2 ಇದ್ದರೆ ನಂಬರ್ ಒತ್ತಿ ಆಗಿದೆ, 3 ಇದ್ದರೆ ಆಚೆ ರಿಂಗಾಗುತ್ತಿದೆ, 0 ಆದರೆ ಯಾರೋ ಎತ್ತಿದ್ದಾರೆ. 3 ಬಂತೆಂದರೆ ಮನೆಯ ಫೋನು ಬಡಿದುಕೊಳ್ಳುತ್ತಿದೆ ಎಂಬುದು ಪಂಪ್‌ಶೆಡ್ಡಿನ ಚಿಪ್ಪಿಗೆ ಖಚಿತ. ಅರ್ಧ ನಿಮಿಷ ನೋಡಿ ಕಡಿಯಬಹುದು. ಎತ್ತದ ಕರೆಗೆ ದುಡ್ಡಿಲ್ಲ, ಆದರೆ ನಿದ್ದೆಯಲ್ಲಿದ್ದವರು ಎದ್ದಿರುತ್ತಾರೆ. ಮೆಸೇಜಿನ ‘ಟಿಂಗ್’ ಎನ್ನುವ ಸದ್ದಿಗೆ ಏಳುವವರು ಕಡಿಮೆ. ‘ಬಿಝಿ’, ‘ನೋ ಕ್ಯಾರಿಯರ್’ ಎಂಬ ಉತ್ತರ ಬಂದರೆ ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಬೇಕು, ಆಮೇಲೆ ಎರಡನೆಯ ನಂಬರಿಗೆ ಹೋಗಬೇಕು. ಮೋಡೆಮ್ ಮಾತೇ ಆಡದಿದ್ದರೆ ಅದರ ವಿದ್ಯುತ್ ಕಡಿದು ಮತ್ತೆ ಕೊಡಬೇಕು. ಮೈಕ್ರೊಕಂಟ್ರೋಲರೇ ಸ್ತಬ್ಧವಾದರೆ? ಅದರೊಳಗೆ ವಾಚ್‌ಡಾಗ್ ಎಂಬ ಗಡಿಯಾರವಿದೆ. ಪ್ರೋಗ್ರಾಮ್ ಆಗಾಗ ಅದನ್ನು ಸೊನ್ನೆಗೆ ತಿರುಗಿಸುತ್ತಿರಬೇಕು, ತಪ್ಪಿದರೆ ಅದು ಚಿಪ್ಪನ್ನು ಮೊದಲಿನಿಂದ ಶುರುಮಾಡಿಸುತ್ತದೆ.

ಕೋಡ್ ಸರಿಯಿದ್ದೂ ಕೈಕೊಡುವ ಜಾಗ ಇನ್ನೊಂದಿದೆ: ಮೋಡೆಮ್‌ನ ಊಟ. 2ಜಿ ಜಾಲದಲ್ಲಿ ಎಂಟು ಫೋನುಗಳು ಒಂದೇ ತರಂಗಾಂತರವನ್ನು ಸರದಿಯಲ್ಲಿ ಹಂಚಿಕೊಳ್ಳುತ್ತವೆ. ಒಂದೊಂದಕ್ಕೂ ಸೆಕೆಂಡಿಗೆ 217 ಸಲ ಸರದಿ ಬರುತ್ತದೆ, ಪ್ರತಿ ಸಲವೂ ಅರ್ಧ ಮಿಲಿಸೆಕೆಂಡಿನಷ್ಟು ಮಾತ್ರ. ಫೋನ್ ಬರುವ ಮುಂಚೆ ರೇಡಿಯೊದಲ್ಲಿ ಕೇಳುತ್ತಿದ್ದ ಗುರ್‌ಗುರ್ ಸದ್ದು ಇದೇ ಬಡಿತದ್ದು. ಟವರ್ ದೂರವಿದ್ದಷ್ಟೂ ಮೋಡೆಮ್ ಜೋರಾಗಿ ಕೂಗಬೇಕು. ಆ ಗಳಿಗೆಯಲ್ಲಿ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ. ಎಲ್ಲ ಗೇಟ್‌ವಾಲ್‌ಗಳನ್ನು ಒಮ್ಮೆಗೇ ತೆರೆದರೆ ಸ್ಪ್ರಿಂಕ್ಲರುಗಳು ಸೋತು ನಿಲ್ಲುವಂತೆ, ತೆಳ್ಳಗಿನ ತಂತಿಯ ಕೊನೆಯಲ್ಲಿ ವೋಲ್ಟೇಜ್ ಕುಸಿದು ಮೋಡೆಮ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಪುತ್ತೂರು ಪೇಟೆಯ ಮೇಜಿನ ಮೇಲೆ ಚೆನ್ನಾಗಿ ನಡೆದದ್ದು ಕಾಡಂಚಿನ ತೋಟದಲ್ಲಿ ಸೋಲುವುದು ಹೀಗೆ. ಮೋಡೆಮ್‌ನ ಬುಡದಲ್ಲೇ ಒಂದು ದೊಡ್ಡ ಕೆಪಾಸಿಟರ್, ಗಿಡ್ಡವಾದ ದಪ್ಪ ತಂತಿ, ಒಂದು ಲಿಥಿಯಂ ಬ್ಯಾಟರಿ ಇದ್ದರೆ ತೊಂದರೆ ಬಗೆಹರಿಯುತ್ತದೆ. ಸಿಮ್800ಕ್ಕೆ ಬೇಕಾದದ್ದು 3.4ರಿಂದ 4.4 ವೋಲ್ಟ್, ಫೋನಿನ ಬ್ಯಾಟರಿ ಕೊಡುವುದೂ ಅಷ್ಟನ್ನೇ. ಬ್ಯಾಟರಿ ಬೇಕೇಬೇಕು ಎನ್ನಲು ಇನ್ನೊಂದು ಕಾರಣ, ‘ಕರೆಂಟು ಹೋಯಿತು’ ಎಂದು ಹೇಳಬೇಕಾದ ಹೊತ್ತಿನಲ್ಲಿ ಕರೆಂಟೇ ಇರುವುದಿಲ್ಲ.

ಫೇಸ್ ಇದೆಯೇ ಎಂದು ನೋಡುವ ಭಾಗಕ್ಕೆ ನೇರ ತಂತಿ ಎಳೆಯುವಂತಿಲ್ಲ. ಪ್ರತಿ ಫೇಸಿಗೂ ಒಂದು ಆಪ್ಟೊಕಪ್ಲರ್ ಇಟ್ಟು, ಬೆಳಕಿನ ಮೂಲಕ ಮಾತ್ರ ಸುದ್ದಿ ದಾಟಿಸಬೇಕು. ಈ ಜೋಡಣೆಯನ್ನು ಅನುಭವಿ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲು ಈ ಭಾಗದಲ್ಲಿ ಎಷ್ಟು ಉಪಕರಣಗಳನ್ನು ತಿಂದಿದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಸರ್ಜ್ ತಡೆ ಮತ್ತು ಒಳ್ಳೆಯ ಅರ್ಥಿಂಗ್ ಇಲ್ಲದೆ ಪೆಟ್ಟಿಗೆ ಒಂದು ಬೇಸಿಗೆ ದಾಟುವುದು ಕಷ್ಟ.

ಸಿಮ್ ಯಾವುದು ಎಂಬುದೂ ಮುಖ್ಯ. ಜಿಯೊ 2016ರಲ್ಲಿ ಶುರುವಾದದ್ದೇ 4ಜಿಯಲ್ಲಿ, ಅದಕ್ಕೆ 2ಜಿ ಜಾಲವಿಲ್ಲ. ಸಿಮ್800 ಅಲ್ಲಿ ಎಷ್ಟು ಹುಡುಕಿದರೂ ಟವರ್ ಸಿಗದು. ಹೊಸದಾಗಿ ಕಟ್ಟುವವರು ವೋಲ್ಟಿ, ಅಂದರೆ 4ಜಿ ಜಾಲದಲ್ಲೇ ಮಾತಿನ ಕರೆ, ಮಾಡಬಲ್ಲ 4ಜಿ ಮೋಡೆಮ್ ಹಾಕುವುದೇ ಮೇಲು. ಆಜ್ಞೆ ಅದೇ ‘ಎಟಿಡಿ’, ಪ್ರೋಗ್ರಾಮ್ ಬಹುಪಾಲು ಹಾಗೆಯೇ ಉಳಿಯುತ್ತದೆ. ರೀಚಾರ್ಜ್ ಮುಗಿದ ಸಿಮ್ ಮಾತ್ರ ಯಾರಿಗೂ ಹೇಳದೆ ಮೂಕವಾಗುತ್ತದೆ. ಮಾತು ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಬೇರೆ ಪ್ಯಾಕ್ ಇರಬೇಕೆಂದು 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಆದೇಶಿಸಿದ್ದು ಡೇಟಾ ಬೇಡದ ಇಂಥ ಪಂಪುಗಳಿಗೂ ಅನುಕೂಲ.

ಇದೇ ಪೆಟ್ಟಿಗೆಯಿಂದ ಇನ್ನೂ ದೊಡ್ಡ ಕೆಲಸವಾಗುವುದನ್ನು ತಮಿಳುನಾಡಿನ ವಾಲ್ಪಾರೈ ತೋರಿಸಿದೆ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಆನಂದ ಕುಮಾರ್ ಮತ್ತು ಸಂಗಡಿಗರು ಚಹಾ ತೋಟಗಳ ನಡುವೆ ಎತ್ತರದ ಜಾಗಗಳಲ್ಲಿ ಕೆಂಪು ದೀಪಗಳನ್ನು ನಿಲ್ಲಿಸಿದ್ದಾರೆ. ಹತ್ತಿರದಲ್ಲಿ ಆನೆ ಕಂಡರೆ ನೋಂದಾಯಿತ ಫೋನಿನಿಂದ ಕರೆ ಮಾಡಿದರಾಯಿತು, ದೀಪ ಹತ್ತುತ್ತದೆ. ಕರೆ ಬಂದಾಗ ‘ಸಿಎಲ್‌ಐಪಿ’ ಸೌಲಭ್ಯದಿಂದ ಕರೆದವರ ನಂಬರ್ ತಿಳಿದು, ಅದು ಪಟ್ಟಿಯಲ್ಲಿದ್ದರೆ ಮಾತ್ರ ರಿಲೇ ಒತ್ತುವುದು ಮೈಕ್ರೊಕಂಟ್ರೋಲರಿಗೆ ತೀರ ಸುಲಭ. ಅಲ್ಲಿ ಆನೆಗೆ ಬಲಿಯಾದವರಲ್ಲಿ ಹೆಚ್ಚಿನವರಿಗೆ ಆನೆ ಹತ್ತಿರವಿದೆ ಎಂಬುದೇ ಗೊತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದ ಕೆಲಸಕ್ಕೆ 2015ರಲ್ಲಿ ವನ್ಯಜೀವಿ ಸಂರಕ್ಷಣೆಗೆ ಕೊಡುವ ವಿಟ್ಲಿ ಪ್ರಶಸ್ತಿ ಬಂತು. ಕಡಬದ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯ ಒಂದು ಬೆಳಿಗ್ಗೆ ಆನೆ ಇಬ್ಬರನ್ನು ಕೊಂದಿತು. ಹಾಲು ಡೇರಿಗೆ, ಶಾಲೆಗೆ, ರಬ್ಬರ್ ಟ್ಯಾಪಿಂಗಿಗೆ ನಸುಕಿನಲ್ಲೇ ನಡೆದು ಹೋಗುವ ಕಡಬ, ಸುಳ್ಯದ ಕಾಡಂಚಿನ ದಾರಿಗಳಲ್ಲಿ ಇಂಥ ದೀಪಗಳು ಬೇಕು. ಪುತ್ತೂರಿನಲ್ಲೂ ಸುಳ್ಯದಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ, ಕಟ್ಟಬಲ್ಲ ಹುಡುಗ ಹುಡುಗಿಯರಿದ್ದಾರೆ. ಕಟ್ಟುವವರು ಒಂದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು: ಜೂನ್, ಜುಲೈಯಲ್ಲಿ ವಾರಗಟ್ಟಲೆ ಬಿಸಿಲು ಕಾಣದು, ಮರಗಳ ನೆರಳು ಬೇರೆ. ಈ ದೀಪಗಳನ್ನು ನಡೆಸುವ ಸೋಲಾರ್ ಫಲಕವನ್ನೂ ಬ್ಯಾಟರಿಯನ್ನೂ ಬೇಸಿಗೆಯ ಬಿಸಿಲಿಗಲ್ಲ, ಆ ವಾರಗಳಿಗೆ ತಕ್ಕಂತೆ ಆರಿಸಬೇಕು.