ಕೃ.ಗ. ಕಾರ್ಯಕರ್ತರು ಕೊಟ್ಟಿಗೆಗೆ ಬಂದಾಗ



ಹಸು ಬೆದೆಗೆ ಬಂದಾಗ ನೀವು ಕರೆಯುವುದು ಕೃತಕ ಗರ್ಭಧಾರಣೆ (ಕೃ.ಗ.) ಕಾರ್ಯಕರ್ತರನ್ನು. ಹಳ್ಳಿಯಲ್ಲಿ ಅವರನ್ನೂ ‘ಡಾಕ್ಟ್ರು’ ಎನ್ನುವುದುಂಟು. ಆದರೆ ಅವರ ಕಲಿಕೆ ಬೇರೆ, ಪಶುವೈದ್ಯರ ಕಲಿಕೆ ಬೇರೆ. ಇದು ತಿಳಿದಿದ್ದರೆ ಯಾವುದಕ್ಕೆ ಯಾರನ್ನು ಕರೆಯಬೇಕೆಂಬ ಗೊಂದಲ ಇರದು.

ಯಾರ ಕಲಿಕೆ ಎಷ್ಟು?

ಪಶುವೈದ್ಯರದು ಐದೂವರೆ ವರ್ಷಗಳ ಪದವಿ. ಪಶುಸಂಗೋಪನೆ ಡಿಪ್ಲೊಮಾ ಎರಡು ವರ್ಷ. ರಾಷ್ಟ್ರೀಯ ಗೋಕುಲ ಮಿಷನ್‌ನ ‘ಮೈತ್ರಿ’ ಕಾರ್ಯಕರ್ತರಿಗೆ ಮೂರು ತಿಂಗಳ ತರಬೇತಿ. ಬೆದೆ ಗುರುತಿಸುವುದು, ವೀರ್ಯ ಕಡ್ಡಿ ಕಾಪಾಡುವುದು, ಗರ್ಭಧಾರಣೆ ಮಾಡುವುದು, ದಾಖಲೆ ಇಡುವುದು ಅವರ ಕೆಲಸ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯಂತೆ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಹೊಣೆ. ಡಿಪ್ಲೊಮಾ, ಪ್ರಮಾಣಪತ್ರ ಪಡೆದವರು ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಕೊಡಬಹುದು.

ನೀವು ಗಮನಿಸಬೇಕಾದ್ದು

• ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. ಬೆದೆ ಕಂಡ ಹೊತ್ತನ್ನು ಸರಿಯಾಗಿ ತಿಳಿಸಿ.

• ವೀರ್ಯ ಕಡ್ಡಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿರುತ್ತದೆ. ಹೊರತೆಗೆದ ಕೂಡಲೇ 37 ಡಿಗ್ರಿಯ ಉಗುರುಬೆಚ್ಚನೆ ನೀರಿನಲ್ಲಿ ಅರ್ಧ ನಿಮಿಷ ಇಟ್ಟು, ಒರೆಸಿ, ತಡಮಾಡದೆ ಬಳಸಬೇಕು. ಕಂಕುಳಲ್ಲಿ, ಜೇಬಿನಲ್ಲಿ ಇಟ್ಟು ಕರಗಿಸುವುದು ಸರಿಯಲ್ಲ. ಅವರು ಬರುವ ಹೊತ್ತಿಗೆ ನೀರು ಕಾಯಿಸಿಟ್ಟಿರಿ.

• ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಇರುತ್ತದೆ. ಅದನ್ನೂ ಹಸುವಿನ ಕಿವಿಯೋಲೆ ಸಂಖ್ಯೆ, ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಹುಟ್ಟುವ ಕಡಸಿಗೆ ಅದೇ ಹೋರಿಯ ವೀರ್ಯ ಕೊಡಿಸುವ ತಪ್ಪು ಆಗುವುದಿಲ್ಲ.

• ಸುಮಾರು 21ನೇ ದಿನ ಮತ್ತೆ ಬೆದೆ ಬಂತೇ ನೋಡಿ. ಬರದಿದ್ದರೆ ಎರಡು–ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ.

ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು, ಹಿಂಡಿಯ ಖರ್ಚು ನಿಮ್ಮ ತಲೆಯ ಮೇಲೆ. ಹಾಗಾಗಿ ಕೇಳಲು ಸಂಕೋಚ ಬೇಡ. ಚೆನ್ನಾಗಿ ಕಲಿತವರು ಬೇಸರಿಸದೆ ಕಡ್ಡಿ ತೋರಿಸುತ್ತಾರೆ.

ಪಶುವೈದ್ಯರನ್ನೇ ಕರೆಯಿರಿ

ಕರು ಅಡ್ಡ ಸಿಕ್ಕಿಕೊಂಡಾಗ, ಕರು ಹಾಕಿದ ಹಸು ಮೇಲೇಳದಿದ್ದಾಗ, ಹೊಟ್ಟೆ ಉಬ್ಬರಿಸಿದಾಗ, ಕೆಚ್ಚಲು ಬಾವು ಬಂದಾಗ ಹೊತ್ತು ಕಳೆಯಬೇಡಿ. ಮೂರು ಸಲ ಕೊಡಿಸಿದರೂ ಗಬ್ಬ ನಿಲ್ಲದಿದ್ದರೆ ನಾಲ್ಕನೆಯ ಕಡ್ಡಿಗೆ ಮೊದಲು ಪರೀಕ್ಷೆ ಆಗಲಿ. ತುರ್ತಿಗೆ 1962ಕ್ಕೆ ಕರೆ ಮಾಡಬಹುದು.

ಕೊನೆಯದಾಗಿ, ಇದು ಗಂಡಸರದೇ ಕೆಲಸವಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಮನೆಯಲ್ಲಿದ್ದರೆ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಡಿಪ್ಲೊಮಾ ಬಗ್ಗೆ ವಿಚಾರಿಸಿ. ಹಸುವಿನ ಬೆದೆ ಗುರುತಿಸುವುದನ್ನು ಅವಳು ನಿಮ್ಮಿಂದ ಈಗಾಗಲೇ ಕಲಿತಿರುತ್ತಾಳೆ.